ಹೆಬ್ಬಟ್ಟು ಜಗ್ಗಬ್ಯಾಡ್ರಿ

ಹಿಂದಿನ ವಾರ ರಾತ್ರಿ ಊಟ ಆಗಿ ಒಲಿ ಕಟ್ಟಿ ಒರಸ್ಲಿಕ್ಕೆ ಹತ್ತಿದ್ದೆ, ಧಾರವಾಡದಿಂದ ವೈನಿ ಫೋನ್ ಬಂತು. ಅವರ ಮೊಮ್ಮಗಳು ಪಿಯಾನೊ ಕ್ಲಾಸಿಗೆ ಹೋಗ್ಲಿಕ್ಕೆ ಸುರು ಮಾಡಿ ಆರು ತಿಂಗಳಾತು. "ಹುಡುಗೀದು ಎಲ್ಲಾ ಛೊಲೋ ಅದಂತ, ಆದ್ರ ಹೆಬ್ಬಟ್ಟು ಭಾಳ ಬಿರುಸಂತ ನೋಡು. ದಿನಾ ಎಣ್ಣಿ ಹಚ್ಚಿ ಜಗ್ಗಿ ಜಗ್ಗಿ ಸಡಿಲ ಮಾಡ್ರಿ ಅಂತ ಯಾರೋ ಹೇಳ್ಯಾರ. ನಿನ್ನ ಮಗಳೂ ನುಡಿಸ್ತಾಳಲ್ಲ, ನೀ ಏನಂತೀ?" ಅಂತ ಕೇಳಿದ್ರು.

ನಾ ಒರಸೋ ಅರಬಿ ಅಲ್ಲೇ ಬಿಟ್ಟು, "ವೈನಿ, ಜಗ್ಗಬ್ಯಾಡ್ರಿ. ಮೊದಲು ಅದನ್ನ ಬಂದ್ ಮಾಡ್ರಿ" ಅಂದುಬಿಟ್ಟೆ. ನನ್ನ ದನಿ ಸ್ವಲ್ಪ ಜೋರಾತು ಅಂತ ಕಾಣ್ತದ. ಅವರು ಒಂದು ಕ್ಷಣ ಸುಮ್ಮನಾದ್ರು. "ಯಾಕ, ಏನಾತು?" ಅಂದ್ರು. ಫೋನಿನ್ಯಾಗ ಹೇಳೋ ಮಾತಲ್ಲ ಅದು. ಬರೀತೀನಿ ಅಂತ ಹೇಳಿದ್ದೆ, ಇವತ್ತು ಬರೀಲಿಕ್ಕೆ ಕೂತೀನಿ. ವೈನಿಗಷ್ಟ ಅಲ್ಲ, ಮಕ್ಕಳನ್ನ ಕೀಬೋರ್ಡು, ಪಿಯಾನೊ ಅಂತ ಕ್ಲಾಸಿಗೆ ಕಳಸೋ ಎಲ್ಲಾ ಅಕ್ಕಂದಿರೂ ತಂಗ್ಯಾರೂ ಓದ್ರಿ. ಕ್ಲಾಸಿಗೆ ಕಳಸದವರೂ ಓದ್ರಿ, ಯಾಕಂದ್ರ ಹೆಬ್ಬಟ್ಟು ಎಲ್ಲಾರಿಗೂ ಅದ.

ಮೊದಲಿಗೇ ಹೇಳಿಬಿಡ್ತೀನಿ, ನಾ ಏನು ಪಿಯಾನೊ ಪಂಡಿತಳಲ್ಲ. ಧಾರವಾಡದಾಗ ಇದ್ದಾಗ ನಮ್ಮ ಓಣಿ ಭಜನಿ ಮಂಡಳದಾಗ ಪೇಟಿ ಹಿಡೀತಿದ್ದೆ, ಅಷ್ಟ. ಬೆಂಗಳೂರಿಗೆ ಬಂದ ಮ್ಯಾಲೆ ಮಗಳನ್ನ ಪಿಯಾನೊಕ್ಕ ಹಾಕಿದ್ವಿ. ವಾರಕ್ಕೆರಡು ದಿನ ಆಕೀನ್ನ ಕರಕೊಂಡು ಹೋಗಿ, ಮೂಲ್ಯಾಗಿನ ಸ್ಟೂಲಿನ ಮ್ಯಾಲೆ ಏಳು ವರ್ಷ ಕೂತೀನಿ. ಮನ್ಯಾಗ ಆಕಿ ನುಡಸೂ ಮುಂದ ಪಲ್ಯಾ ಹೆಚ್ಚಿಕೋತ ಕೇಳೀನಿ. ಕಡೀಕ, ನಲವತ್ತೇಳನೇ ವಯಸ್ಸಿನ್ಯಾಗ ನಾನೂ ಸಣ್ಣಂಗ ಕಲೀಲಿಕ್ಕೆ ಸುರು ಮಾಡೀನಿ. ನಾ ಬರಿಯೋದು ತಾಯಿಯಾಗಿ ಕಂಡದ್ದು, ತಪ್ಪು ಮಾಡಿದ್ದು, ಆಮ್ಯಾಲೆ ಓದಿ ತಿಳಕೊಂಡದ್ದು.

ಎರಡು ವರ್ಷದ ಹಿಂದಿನ ಮಾತು. ಮಗಳಿಗೆ ಐದನೇ ಗ್ರೇಡ್ ಪರೀಕ್ಷಾ ಇತ್ತು. ಈ ಪರೀಕ್ಷಾದಾಗ ಮೂರು ತುಣುಕು ನುಡಸೋದಷ್ಟ ಅಲ್ಲ, ಸ್ಕೇಲ್ ಅಂತನೂ ಇರ್ತಾವು. ನಮ್ಮ ಆರೋಹ ಅವರೋಹ ಇದ್ದಂಗ, ಎರಡೂ ಕೈಲಿಂದ, ಸಪ್ತಕದಿಂದ ಸಪ್ತಕಕ್ಕ ಏರಬೇಕು, ಇಳೀಬೇಕು, ಎಲ್ಲೂ ಕುಕ್ಕಬಾರದು. ಆಕೀದು ಏರೂ ಮುಂದ ಪ್ರತಿ ಸಲ ಒಂದ ಜಾಗಾದಾಗ "ಟಕ್" ಅಂತ ಒಂದು ಸ್ವರ ಜೋರಾಗಿ ಬೀಳ್ತಿತ್ತು. ಅದು ಹೆಬ್ಬಟ್ಟು ಬೀಳೋ ಜಾಗಾ. ಕ್ಲಾಸಿನ್ಯಾಗ "ಹೆಬ್ಬಟ್ಟು ಬಿರುಸು ಅದ, ಇನ್ನೂ ಪ್ರಾಕ್ಟೀಸ್ ಬೇಕು" ಅಂದ್ರು. ನಾನೂ ಮನಿಗೆ ಬಂದು ಅದನ್ನ ಹಿಡಕೊಂಡೆ. ಮುಂಜಾನೆ ಇಪ್ಪತ್ತು ಸಲ, ಸಂಜೀಕ ನಲವತ್ತು ಸಲ. ನಾನ ಎಣಸ್ತಿದ್ದೆ. ರಾತ್ರಿ ಕೊಬ್ಬರಿ ಎಣ್ಣಿ ಹಚ್ಚಿ ಆಕಿ ಹೆಬ್ಬಟ್ಟು ಮಣಿಕಟ್ಟಿನ ಕಡೆ ಬಗ್ಗಿಸಿ ಜಗ್ಗತಿದ್ದೆ. ಹೌದು, ನನ್ನ ಕೈಲೇ.

"ಅವ್ವಾ, ನೂಸ್ತದ" ಅಂದಳು. "ಮೊದಮೊದಲು ಹಂಗ, ಸ್ವಲ್ಪ ತಡಕೋ" ಅಂದೆ. ಒಂದು ವಾರದ ಮ್ಯಾಲೆ ಸಾಲಿಗೆ ಹೋಗೂ ಮುಂದ ನೀರಿನ ಬಾಟಲಿ ಮುಚ್ಚಳ ತೆಗೆದು ಕೊಡು ಅಂತ ನನ್ನ ಕಡೆ ಬಂದಳು. "ಹದಿಮೂರು ವರ್ಷದ ಹುಡುಗಿ, ಬಾಟಲಿ ಮುಚ್ಚಳ ತೆಗೀಲಿಕ್ಕೆ ಆಗೂದಿಲ್ಲ?" ಅಂತ ಬೈದೆ. ಮೈಗಳ್ಳತನ ಅಂದುಕೊಂಡೆ. ಒಂದಿನ ಹೋಂವರ್ಕ್ ಬರೀಲಿಕ್ಕೆ ಹತ್ತಿದ್ದಳು, ಪೆನ್ನು ತೋರುಬೆರಳು ನಡುಬೆರಳಿನ ನಡುವ ಸಿಗಸಿಕೊಂಡಿದ್ದಳು. ಹೆಬ್ಬಟ್ಟು ಬ್ಯಾರೆ ಯಾರದೋ ಇದ್ದಂಗ ದೂರ ನಿಂತಿತ್ತು. ಆಗ ನನ್ನ ಹೊಟ್ಟಿ ಧಸಕ್ ಅಂತು.

ಡಾಕ್ಟರ್ ಹೆಣ್ಮಗಳು. ಮಗಳ ಕೈ ಹಿಡದು ನೋಡಿದ್ರು, ಹೆಬ್ಬಟ್ಟಿನ ಬುಡದಿಂದ ಸ್ವಲ್ಪ ಕೆಳಗ, ಮಣಿಕಟ್ಟಿನ ಅಂಚಿಗೆ ಒತ್ತಿದ್ರು. ಆಕಿ ಚೀರಿದಳು. ಆರು ವಾರ ಪಿಯಾನೊ ಇಲ್ಲ, ಮಣಿಕಟ್ಟಿಗೂ ಹೆಬ್ಬಟ್ಟಿಗೂ ಪಟ್ಟಿ. ಪರೀಕ್ಷಾ ಹೋತು. ಹೊರಗ ಬರೂ ಮುಂದ ಡಾಕ್ಟರ್ ನನಗ ಒಂದು ಮಾತು ಕೇಳಿದ್ರು: "ಬಾಣಂತನದಾಗ ನಿಮಗೂ ಇದ ಜಾಗಾ ನೋಯಿತಿತ್ತೇನು? ಭಾಳ ತಾಯಂದಿರಿಗೆ ಆಗ್ತದ."

ಆಗಿತ್ತು. ಈ ಮಗಳೇ ಮೂರು ತಿಂಗಳ ಕೂಸಿದ್ದಾಗ. ತೊಟ್ಟಿಲದಿಂದ ಎತ್ತಿಕೊಳ್ಳೋ ಮುಂದ ಹೆಬ್ಬಟ್ಟಿನಿಂದ ಮೊಳಕೈ ತನಕ ಝಳಕ್ ಅಂತ ಹೊಡೀತಿತ್ತು. ದುಪಟಿ ಹಿಂಡಲಿಕ್ಕೆ ಆಗ್ತಿದ್ದಿಲ್ಲ. ಮನ್ಯಾಗಿನ ಹಿರೇರಿಗೆ ಹೇಳಿದ್ರ, "ಎಲ್ಲಾರಿಗೂ ಆಗ್ತದವಾ, ಸ್ವಲ್ಪ ತಡಕೋ" ಅಂದಿದ್ರು. ಅಂವ ಹೇಳಿದ, ಇಂವ ಹೇಳಿದ ಅಲ್ಲ, ನಮ್ಮ ಹೆಣ್ಮಕ್ಕಳೇ ಹೇಳಿದ ಮಾತು. ಹದಿಮೂರು ವರ್ಷ ಆದ ಮ್ಯಾಲೆ ಅದ ಮಾತು, ಅಕ್ಷರ ತಪ್ಪದಂಗ, ನಾ ನನ್ನ ಮಗಳಿಗೆ ಹೇಳಿದ್ದೆ. ಆಟೋದಾಗ ಮನಿಗೆ ಬರೂ ತನಕ ನಾ ಬಾಯಿ ಬಿಚ್ಚಲಿಲ್ಲ.

ಈ ಬ್ಯಾನಿಗೆ ಒಂದು ಹೆಸರದ. ಫ್ರಿಟ್ಜ್ ಡಿ ಕ್ವೆರ್ವೇನ್ ಅನ್ನೋ ಸ್ವಿಟ್ಜರ್ಲೆಂಡಿನ ಸರ್ಜನ್ 1895ರಾಗ ಇದನ್ನ ವಿವರಿಸಿ ಬರದ, ಅದಕ್ಕ ಆತನ ಹೆಸರ ಉಳದದ. ನಮ್ಮ ಪರಕರದ ಲಾಡಿ ನೆನಸಿಕೊಳ್ರಿ. ಹೊಲದ ಪಟ್ಟಿ ಒಳಗ ಲಾಡಿ ಹಿಂದ ಮುಂದ ಸರದಾಡ್ತದಲ್ಲ, ಹಂಗ ಹೆಬ್ಬಟ್ಟನ್ನ ಎತ್ತೋ, ಅಗಲ ಮಾಡೋ ಎರಡು ಹುರಿ ಮಣಿಕಟ್ಟಿನ ಅಂಚಿಗೆ ಒಂದ ಸಣ್ಣ ಪಟ್ಟಿ ಒಳಗಿಂದ ಹೋಗ್ತಾವು. ಹೆಬ್ಬಟ್ಟು ಚಾಚಿ, ಮಣಿಕಟ್ಟು ಕಿರುಬೆರಳಿನ ಕಡೆ ತಿರುವಿ, ಅದ ಕೆಲಸಾ ಮತ್ತ ಮತ್ತ ಮಾಡಿದ್ರ ಆ ಪಟ್ಟಿ ದಪ್ಪಾಗ್ತದ, ಲಾಡಿ ಸಿಗಿಬೀಳ್ತದ. ಕೂಸಿನ ಬಗಲಾಗ ಹೆಬ್ಬಟ್ಟು ಹಾಕಿ ಎತ್ತೋದು, ಅರಬಿ ಹಿಂಡೋದು, ಎಲ್ಲಾ ಅದ ದಿಕ್ಕಿನ ಕೆಲಸಾ. ಗಂಡಸರಿಗಿಂತ ಹೆಣ್ಮಕ್ಕಳಿಗೇ ಹೆಚ್ಚು. ಜಗ್ಗೋದರಿಂದ ಇದು ಸಡಿಲ ಆಗೂದಿಲ್ಲ. ಸಿಗಿಬಿದ್ದ ಲಾಡಿ ಜೋರಲೇ ಜಗ್ಗಿದ್ರ ಏನಾಗ್ತದ ಅಂತ ನಿಮಗ ನಾ ಹೇಳಬೇಕೇನು?

ಈಗ ನನ್ನ ಅಭಿಪ್ರಾಯ ನೇರ ಹೇಳ್ತೀನಿ. ಹೆಬ್ಬಟ್ಟು ಬಿರುಸು ಅಂತ ನಾವು ಯಾವುದಕ್ಕ ಅಂತೀವೋ, ಅದು ಬಹಳ ಸಲ ಬಿರುಸು ಅಲ್ಲ. ಅದಕ್ಕ ತಪ್ಪು ಕೆಲಸಾ ಹಚ್ಚಿರ್ತೀವಿ. ಮೈ ಬಗ್ಗಲಾರದವರಿಗೆ ಯೋಗಾಸನ ಹೇಳಿದಂಗ ಬೆರಳಿಗೆ ಕಸರತ್ತು ಹೇಳಿದ್ರ ಆಗೂದಿಲ್ಲ. ಕೈ, ಮೊಳಕೈ, ಕೂಡೋ ಎತ್ತರ ಇವನ್ನ ಸರಿ ಮಾಡಿದ್ರ ಹೆಬ್ಬಟ್ಟು ತಾನ ಹಗುರ ಆಗ್ತದ.

ನೀವ ಒಂದು ಮಾಡಿ ನೋಡ್ರಿ. ಬಲಗೈ ತೊಡಿ ಮ್ಯಾಲೆ ಸಡಿಲ ಇಡ್ರಿ. ಎಡಗೈ ಬೆರಳಿಂದ ಬಲ ಮಣಿಕಟ್ಟಿನ ಹತ್ತರ, ಹೆಬ್ಬಟ್ಟಿನ ಬುಡ ಮುಟ್ಟಿಕೊಂಡು ಹೆಬ್ಬಟ್ಟನ್ನ ನಿಧಾನಕ್ಕ ತಿರಗಸ್ರಿ. ಚಲನಿ ಎಲ್ಲಿಂದ ಬರ್ತದ? ನಾವು ಅಂದುಕೊಂಡಲ್ಲಿಂದ ಅಲ್ಲ, ಎಷ್ಟೋ ಕೆಳಗ, ಮಣಿಕಟ್ಟಿಗೆ ಹತ್ತಿಕೊಂಡ ಸಂಧಿಯಿಂದ. ಬ್ಯಾರೆ ಬೆರಳಿಗೆ ಮೂರು ಮೂರು ಎಲುಬು, ಇದಕ್ಕ ಎರಡ. ಎತ್ತರಾನೂ ಕಡಿಮಿ, ನಿಂತ ದಿಕ್ಕೂ ಬ್ಯಾರೆ. ನಾಕು ಬೆರಳು ಕೆಳಗ ಬಗ್ಗತಾವು, ಹೆಬ್ಬಟ್ಟು ಅಂಗೈ ಕಡೆ ಬಗ್ಗತದ. ಪೇಡೆ ಹಿಡೀಲಿಕ್ಕೆ, ಹೂವು ಕಟ್ಟಲಿಕ್ಕೆ, ಬತ್ತಿ ಹೊಸೀಲಿಕ್ಕೆ, ಗೌಲಿ ಮಾಡಲಿಕ್ಕೆ ಇದ ದಿಕ್ಕು ಬೇಕು. ಪಿಯಾನೊದ ಮನಿ ಮಾತ್ರ ಕೆಳಗ ಒತ್ತಬೇಕು. ಮನಿ ಅಂದ್ರ ಪೇಟಿ ಭಾಷಾದಾಗ ಕೀ. ಅಂದ್ರ ಹೆಬ್ಬಟ್ಟಿನ ಸ್ವಭಾವಕ್ಕ ಅಡ್ಡ ಕೆಲಸಾ. ಅಡ್ಡ ಕೆಲಸಾ ಹೇಳಿದ ಮ್ಯಾಲೆ ಅದು ತಡವರಿಸಿದ್ರ ಅದಕ್ಕ ಬೈದ್ರೇನು ಬಂತು?

ಪೇಟಿ ಹಿಡದವರಿಗೆ ಈ ತ್ರಾಸು ಅಷ್ಟು ಗೊತ್ತಾಗೂದಿಲ್ಲ. ಪೇಟಿ ಮನಿ ಹಗುರ, ಉಸಿರು ಕೊಡೋದು ಎಡಗೈ ಭಾತಿ. ಪಿಯಾನೊ ಮನಿ ಸುಮಾರು 10 ಮಿಲಿಮೀಟರ್ ಕೆಳಗ ಹೋಗ್ತದ, ಒಳಗಿನ ಸುತ್ತಿಗಿ ಎಬ್ಬಿಸಿ ತಂತಿಗೆ ಹೊಡಸಬೇಕು. ಸ್ವರ ಎಷ್ಟು ಜೋರು, ಎಷ್ಟು ಮೆತ್ತಗ ಅನ್ನೋದು ಆ ಇಳಿಯೋ ವೇಗದಾಗ ಅದ. ಅದಕ್ಕ ಹೆಬ್ಬಟ್ಟು ಗಾಬರಿಯಾಗಿ ಧಪ್ ಅಂತ ಬಿದ್ರ ಮುಚ್ಚಿಡಲಿಕ್ಕೆ ಆಗೂದಿಲ್ಲ.

ಈ ಹೆಬ್ಬಟ್ಟಿನ ಹಿಂದಿನ ಕಥಿ ಓದಿದಾಗ ನನಗ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಜರ್ಮನಿಯ ದೊಡ್ಡ ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮಾನ್ಯುಯೆಲ್ ಬಾಖ್, 1753ರಾಗ ಕೀಬೋರ್ಡ್ ವಾದ್ಯ ನುಡಸೋ ಬಗ್ಗೆ ಒಂದು ಪುಸ್ತಕ ಬರದ. ಅದರಾಗ ತನ್ನ ಅಪ್ಪ ಹೇಳಿದ ಮಾತು ಹೇಳ್ತಾನ: ಅಪ್ಪನ ಹರೇದ ಕಾಲಕ್ಕ ದೊಡ್ಡ ದೊಡ್ಡ ವಾದಕರು ಹೆಬ್ಬಟ್ಟು ಹಚ್ಚತಿದ್ದಿಲ್ಲಂತ, ದೂರದ ಸ್ವರ ಹಿಡೀಬೇಕಾದಾಗಷ್ಟ ಹಚ್ಚತಿದ್ರಂತ. ಆಮ್ಯಾಲೆ ಸಂಗೀತ ಬದಲಾತು, ಐದೂ ಬೆರಳು ಬೇಕಾದವು. ಹೆಬ್ಬಟ್ಟೇ ಬೆರಳಾಟಕ್ಕೆಲ್ಲಾ ಮುಖ್ಯ ಅಂತ ಆ ಮಗ ಬರದಿಟ್ಟ.

ಹೊಸಾ ಸೊಸಿ ಕಥಿ ಇದ್ದಂಗ ಇಲ್ಲೇನ್ರೀ ಇದು? ಮೊದಲು ಒಳಗ ಕರೀಲಿಲ್ಲ. ಕರದ ಮ್ಯಾಲೆ ಎಲ್ಲಾ ಭಾರ ಆಕಿ ಮ್ಯಾಲೇನ. ತಡ ಆದ್ರ "ಬಿರುಸು ಆಕಿ" ಅನ್ನೋದು.

ಈಗ "ಟಕ್" ಅನ್ನೋ ಜಾಗಾದ ಗುಟ್ಟು ಹೇಳ್ತೀನಿ. ಸಾ ದಿಂದ ಮ್ಯಾಲಿನ ಸಾ ತನಕ ಎಂಟು ಸ್ವರ, ಕೈಗೆ ಬೆರಳು ಐದು. ಹಿಂಗಾಗಿ ನಡುವ ಒಮ್ಮೆ ಹೆಬ್ಬಟ್ಟನ್ನ ಮತ್ತ ಮುಂದ ತರಬೇಕು. ಬಲಗೈಲೆ ಬಿಳೀ ಒಂದರಿಂದ ಏರೂ ಮುಂದ ಸಾ ರೆ ಗ ಕ್ಕ ಹೆಬ್ಬಟ್ಟು, ತೋರುಬೆರಳು, ನಡುಬೆರಳು. ಆಮ್ಯಾಲೆ ಮ ಕ್ಕ ಮತ್ತ ಹೆಬ್ಬಟ್ಟು, ಅಲ್ಲಿಂದ ಪ ದ ನಿ ಸಾ ತನಕ ಉಳದ ನಾಕು ಬೆರಳು. ನನ್ನ ಮಗಳು ಏನು ಮಾಡ್ತಿದ್ದಳಂದ್ರ, ನಡುಬೆರಳು ಗ ಒತ್ತೂ ತನಕ ಹೆಬ್ಬಟ್ಟನ್ನ ಸಾ ಹತ್ತರನ ಬಿಟ್ಟಿರ್ತಿದ್ದಳು. ಆಮ್ಯಾಲೆ ಗಡಿಬಿಡಿಲೆ ಅಂಗೈ ಕೆಳಗ ತುರುಕತಿದ್ದಳು. ಮೊಳಕೈ ಪಕ್ಕಡಿಗೆ ಅಂಟಿಕೊಂಡ ಇರ್ತಿತ್ತು, ಮಣಿಕಟ್ಟು ಸೊಟ್ಟ ಆಗ್ತಿತ್ತು. ದಿನಕ್ಕ ಅರವತ್ತು ಸಲ, ನನ್ನ ಎಣಿಕಿ ಪ್ರಕಾರ.

ಪಟ್ಟಿ ಬಿಚ್ಚಿದ ಮ್ಯಾಲೆ ಬ್ಯಾರೆ ಒಬ್ಬ ಟೀಚರ್ ಕಡೆ ಹೋದ್ವಿ. ವಯಸ್ಸಾದವರು, ಮಾತು ಕಡಿಮಿ. ಮೊದಲನೇ ತಿಂಗಳು ಸ್ಕೇಲ್ ಬಂದ್. ಕೈ ಎರಡೂ ಪಕ್ಕಕ್ಕ ಇಳಿಬಿಟ್ಟು ನಿಲ್ಲಸ್ತಿದ್ರು. ಹಂಗ ಇಳಿಬಿಟ್ಟಾಗ ಬೆರಳು ತಾವ ಸ್ವಲ್ಪ ಬಾಗಿರ್ತಾವಲ್ಲ, ಹೆಬ್ಬಟ್ಟು ತೋರುಬೆರಳಿನ ಹತ್ತರ ಸಡಿಲ ಇರ್ತದಲ್ಲ, ಅದ ಆಕಾರದಾಗ ಕೈ ಎತ್ತಿ ಮನಿ ಮ್ಯಾಲೆ ಇಡು ಅಂತಿದ್ರು. ಹೆಬ್ಬಟ್ಟು ಪೂರಾ ಅಡ್ಡ ಮಲಗಬಾರದು, ಉಗುರಿನ ಪಕ್ಕದ ಮೂಲಿ ಅಷ್ಟ ಮನೀಗೆ ತಾಗಬೇಕು. ಒತ್ತಬ್ಯಾಡ, ಕೀಲಿ ತಿರುಗಿಸಿದಂಗ ಮುಂಗೈ ಸ್ವಲ್ಪ ಒಳಗ ಹೊರಳಿಸು, ಹೆಬ್ಬಟ್ಟು ತಾನ ಇಳೀತದ ಅಂತಿದ್ರು. ಭಾರ ಕೈದು, ಹೆಬ್ಬಟ್ಟು ಬರೇ ಮುಟ್ಟೋದು.

ಆಮ್ಯಾಲೆ ದಾಟೋದು. ತೋರುಬೆರಳು ರೆ ಒತ್ತಿದ ಕೂಡಲೇ ಹೆಬ್ಬಟ್ಟು ಸಾ ಬಿಟ್ಟು ಹೊರಡಬೇಕು, ನಡುಬೆರಳು ಗ ಮುಗಸೂದ್ರಾಗ ಮ ಹತ್ತರ ಬಂದಿರಬೇಕು. ಅದಕ್ಕಿಂತ ಮುಖ್ಯ, ಅಷ್ಟೊತ್ತಿಗೆ ಮೊಳಕೈ, ಮುಂಗೈ ಎಲ್ಲಾ ಮ ಕಡೆ ಸರದಿರಬೇಕು. ರೊಟ್ಟಿ ಬಡಿಯೋದು ನೆನಸ್ರಿ. ರೊಟ್ಟಿ ತಿರುಗಿಸಬೇಕಾದ್ರ ಒಂದು ಬೆರಳಲೇ ಜಗ್ಗತೀವೇನು? ಜಗ್ಗಿದ್ರ ಹರೀತದ. ಇಡೀ ಕೈ ಹೊರಳ್ತದ, ರೊಟ್ಟಿ ಅದರ ಜೋಡಿ ಹೊರಳ್ತದ. ಸ್ಟೂಲಿನ ಮ್ಯಾಲೆ ಕೂತ ನನಗ ಇದು ತಿಳಿದ ದಿನ, ಇದನ್ನ ನಾ ನನ್ನ ಒಲಿ ಮುಂದ ದಿನಾ ಮಾಡ್ತಿದ್ದೆನಲ್ಲ ಅನಿಸ್ತು.

ಜೋರಾಗಿ ನುಡಸೂ ಮುಂದಂತೂ ಹೆಬ್ಬಟ್ಟು ಕೆಳಗ ನುಸುಳೋದ ಕಡಿಮಿ. ಒಳ್ಳೆ ವಾದಕರದು ಯಾವುದಾದ್ರೂ ವಿಡಿಯೋ ನಿಧಾನ ಮಾಡಿ ನೋಡ್ರಿ, ಕೈ ಪೂರಾ ಹಗುರ ಎದ್ದು ಮುಂದಿನ ಜಾಗಾಕ್ಕ ಸರೀತದ. ನುಸುಳೋದನ್ನ ನಿಧಾನ ಮಾಡೂ ಮುಂದ ಕಲೀಬೇಕು, ಖರೇ. ಆದ್ರ ಅದನ್ನ ಜಗ್ಗಿ ಉದ್ದ ಮಾಡಿ ವೇಗ ಬರಸ್ತೀನಿ ಅಂದ್ರ ಬರೂದಿಲ್ಲ.

ಇನ್ನೊಂದು ಮಾತು ನಮ್ಮ ಪೇಟಿಯವರಿಗೆ ಭಾಳ ಸೇರ್ತದ. ಎಲ್ಲಾ ಕಡೆ ಮಕ್ಕಳಿಗೆ ಮೊದಲು ಬಿಳೀ ಒಂದರ ಸ್ಕೇಲ್ ಕಲಸ್ತಾರ, ಎಲ್ಲಾ ಬಿಳೀ ಮನಿ, ಓದಲಿಕ್ಕೆ ಸಸಾರ ಅಂತ. ಪೋಲೆಂಡಿನ್ಯಾಗ ಹುಟ್ಟಿ ಪ್ಯಾರಿಸಿನ್ಯಾಗ ಪಾಠ ಹೇಳಿದ ಶೋಪಾನ್ (1810–1849) ಉಲ್ಟಾ ಹೇಳ್ತಿದ್ದ. ಅದು ಓದಲಿಕ್ಕೆ ಸಸಾರ, ಕೈಗೆ ಮಾತ್ರ ಎಲ್ಲಕ್ಕಿಂತ ಕಠಿಣ ಅಂತ ಆತನ ಮತ. ತನ್ನ ವಿದ್ಯಾರ್ಥಿಗಳಿಗೆ ಬಿ ಮೇಜರ್ ಮೊದಲು ಕೊಡ್ತಿದ್ದ. ನಮ್ಮ ಭಾಷಾದಾಗ ಹೇಳಬೇಕಂದ್ರ ಬಿಳೀ ಏಳರಿಂದ ಬಿಲಾವಲ್ ಹಿಡಿಯೋದು. ಅದರಾಗ ಐದೂ ಕರೀ ಮನಿ ಬರ್ತಾವು, ಬಿಳೀವು ಎರಡ. ಉದ್ದ ಬೆರಳು ಎತ್ತರದ ಕರೀ ಮನಿ ಮ್ಯಾಲೆ ಆರಾಮ ಕೂಡ್ತಾವು, ಗಿಡ್ಡ ಹೆಬ್ಬಟ್ಟಿಗೆ ಕೆಳಗಿನ ಬಿಳೀ ಮನಿ. ಅಂಗೈ ಕೆಳಗ ಜಾಗಾನೂ ಇರ್ತದ, ಹೆಬ್ಬಟ್ಟು ತಡವರಿಸದ ಸರೀತದ. ನಾ ನಲವತ್ತೇಳಕ್ಕ ಸುರು ಮಾಡಿದ್ದೂ ಇದರಿಂದನ. ನನ್ನಂಥಾಕೀಗೇ ಬಂತು ಅಂದ್ರ ಆ ಹುಡುಗಿಗೆ ಯಾಕ ಬರೂದಿಲ್ಲ?

ಜಗ್ಗೋ ಹುಚ್ಚಿನ ಬಗ್ಗೆ ಎಚ್ಚರಿಕಿ ಬೇಕಂದ್ರ ಶೂಮಾನ್ ಕಥಿ ಅದ. ರಾಬರ್ಟ್ ಶೂಮಾನ್ ದೊಡ್ಡ ಪಿಯಾನೊ ವಾದಕ ಆಗಬೇಕಂತ ಇದ್ದಂವ. 1830ರ ದಶಕದ ಸುರುವಿನ್ಯಾಗ, ಇನ್ನೂ ಇಪ್ಪತ್ತರ ಆಜೂಬಾಜೂ ಇದ್ದಾಗ, ಬಲಗೈ ಕೆಟ್ಟಿತು. ಬೆರಳಿಗೆ ಬಲ ಬರಲಿ ಅಂತ ಒಂದು ಯಂತ್ರ ಹಚ್ಚಿಕೊಂಡು ಅಭ್ಯಾಸ ಮಾಡ್ತಿದ್ದ. ಕೆಟ್ಟಿದ್ದು ಅದರಿಂದನೋ, ಬ್ಯಾರೆ ಕಾರಣಕ್ಕೋ ಅಂತ ಇವತ್ತಿಗೂ ವಾದ ಮಾಡ್ತಾರ. ಆದ್ರ ಆ ಕೈ ಮತ್ತ ಸುಧಾರಿಸಲಿಲ್ಲ. ಆತ ಬರದದ್ದನ್ನ ಊರೂರಿಗೆ ನುಡಿಸಿ ತೋರಿಸಿದಾಕಿ ಆತನ ಹೆಂಡತಿ ಕ್ಲಾರಾ. ಆಕಿ ಮಕ್ಕಳನ್ನೂ ಹಡೆದಳು, ಕಛೇರಿನೂ ಮಾಡಿದಳು.

ಕೈ ಸಣ್ಣದು ಅನ್ನೋದು ಇನ್ನೊಂದು ದೂರು. "ನಿಮ್ಮ ಹುಡುಗೀ ಕೈ ಸಣ್ಣದು, ಸಪ್ತಕ ಹಿಡೀಲಿಕ್ಕೆ ಸಿಗೂದಿಲ್ಲ, ಹೆಬ್ಬಟ್ಟು ಅಗಲ ಮಾಡ್ರಿ." ಯೋಸೆಫ್ ಹಾಫ್ಮನ್ ಅಂತ ಹೋದ ಶತಮಾನದ ಭಾಳ ದೊಡ್ಡ ವಾದಕ, ಆತನ ಕೈನೂ ಸಣ್ಣವು. ಆತನ ಹೆಬ್ಬಟ್ಟು ಯಾರೂ ಜಗ್ಗಲಿಲ್ಲ. ಸ್ಟೈನ್‌ವೇ ಕಂಪನಿಯವರು ಆತಗ ಮನಿ ಸ್ವಲ್ಪ ಸಪೂರ ಇದ್ದ ಪಿಯಾನೊ ಮಾಡಿಕೊಟ್ರು. ಗಂಡಸು, ಹೆಸರುವಾಸಿ, ಅದಕ್ಕ ವಾದ್ಯ ಬಗ್ಗಿತು. ನಮ್ಮ ಹುಡುಗ್ಯಾರಿಗೆ ಮಾತ್ರ ಕೈ ಬಗ್ಗಸು ಅಂತೀವಿ. ಅಡಗಿ ಮನಿ ಕಟ್ಟೀದೂ ಇದ ಹಾಡು. ಯಾರದೋ ಅಳತಿಗೆ ಕಟ್ಟಿಸಿ, ತುದಿಗಾಲಲೆ ನಿಂತು ಚಪಾತಿ ಲಟ್ಟಿಸಿ, ಹೆಗಲು ನೂಸ್ತದ ಅಂದ್ರ "ವ್ಯಾಯಾಮ ಮಾಡು" ಅಂತಾರ. ಹೊಸಾ ಪಿಯಾನೊ ಎಲ್ಲಾರಿಗೂ ಮಾಡಿಸಲಿಕ್ಕೆ ಆಗೂದಿಲ್ಲ, ಗೊತ್ತದ. ಆದ್ರ ಸಿಗಲಾರದ ಸ್ವರ ಬಿಟ್ಟು ನುಡಸೂದು, ಕೈ ಬೆಳಿಯೂ ತನಕ ಬ್ಯಾರೆ ತುಣುಕು ಆರಿಸಿಕೊಳ್ಳೋದು, ಇಷ್ಟು ಆಗ್ತದಲ್ಲ.

ನನಗ ಗೊತ್ತದ, ಕೆಲವರು ಇಲ್ಲೇ ತಲಿ ಅಲ್ಲಾಡಿಸ್ತೀರಿ. "ತ್ರಾಸಿಲ್ಲದ ವಿದ್ಯಾ ಬರೂದಿಲ್ಲವಾ. ನಮ್ಮ ಧಾರವಾಡದ ಗವಾಯಿಗಳು ತಾಸುಗಟ್ಟಲೆ ರಿಯಾಜ್ ಮಾಡಿಲ್ಲೇನು? ಇಷ್ಟು ನಾಜೂಕು ಮಾಡಿದ್ರ ಮಕ್ಕಳು ಏನು ಕಲೀತಾವು?" ಅಂತೀರಿ. ಈ ಮಾತಿನ್ಯಾಗ ಸತ್ವ ಅದ, ನಾ ಅಲ್ಲಗಳಿಯೂದಿಲ್ಲ. ನನ್ನ ಮಗಳ ಹಳೇ "ಟಕ್" ಹೋಗಿದ್ದೂ ದಿನಾ ಕೂತದ್ದಕ್ಕನ. ಆದ್ರ ಅದ ಗವಾಯಿಗಳು ಗಂಟಲ ಕಟ್ಟಿದ ದಿವಸ ಶಿಷ್ಯಾಗ ಏನು ಹೇಳ್ತಾರ? "ಇವತ್ತು ಹಾಡಬ್ಯಾಡ, ಸುಮ್ಮನ ಕೇಳು" ಅಂತಾರ. ಗಂಟಲಕ್ಕ ಕೊಡೋ ಮರ್ಯಾದಿ ಹೆಬ್ಬಟ್ಟಿಗೆ ಯಾಕ ಇಲ್ಲ? ದಣಿವು ಬ್ಯಾರೆ, ಬ್ಯಾನಿ ಬ್ಯಾರೆ. ದಣಿವು ಊಟ ಮಾಡಿ ಮಲಗಿದ್ರ ಹೋಗ್ತದ. ಬ್ಯಾನಿ ಮುಂಜಾನೆ ನಮಗಿಂತ ಮೊದಲ ಏಳ್ತದ. ಗುರು ಹೆಬ್ಬಟ್ಟು ಕೇಳಿದ, ಶಿಷ್ಯ ಕೊಟ್ಟ ಅನ್ನೋ ಕಥಿ ನಮಗೆಲ್ಲಾ ಗೊತ್ತದ. ಅದನ್ನ ಕೇಳಿ ಕಣ್ಣೀರು ಹಾಕ್ತೀವಿ, ಮರುದಿನ ಮಕ್ಕಳಿಗೆ ಅದನ್ನ ಕೇಳ್ತೀವಿ.

ವೈನಿ ಸಲುವಾಗಿ ನಾಕು ಮಾತು ಬರದಿಡ್ತೀನಿ. ಸ್ಟೂಲಿನ ಎತ್ತರ ನೋಡ್ರಿ, ಕೂತಾಗ ಹುಡುಗೀ ಮೊಳಕೈ ಸುಮಾರು ಮನಿ ಮಟ್ಟಕ್ಕ ಬರಬೇಕು. ತಗ್ಗಾಗಿದ್ರ ಒಂದು ದಪ್ಪ ಚಾದರ ಮಡಚಿ ಹಾಕ್ರಿ, ಕಾಲು ತೂಗಾಡಿದ್ರ ಕೆಳಗ ಮಣಿ ಇಡ್ರಿ. ಕಾಲಿಗೆ ನೆಲಿ ಇಲ್ಲದಿದ್ರ ಆ ಬಿಗುವು ಕೈಗೆ ಬರ್ತದ. ಹೆಬ್ಬಟ್ಟು ದಾಟಿಸೋ ಅಭ್ಯಾಸ ಒಂದು ಸಲಕ್ಕ ಐದು ನಿಮಿಷ ಸಾಕು, ಆಮ್ಯಾಲೆ ಬ್ಯಾರೆ ಏನಾದ್ರೂ ನುಡಸಲಿ. ನಿಧಾನ, ಮೆತ್ತಗ, ಒಂದ ಕೈಲೆ. ನೀವು ಎಣಸ್ಲಿಕ್ಕೆ ಹೋಗಬ್ಯಾಡ್ರಿ, ಬದಲಿಗೆ ಆಕಿ ಹೆಗಲು ನೋಡ್ರಿ. ಹೆಗಲು ಕಿವಿ ಕಡೆ ಏರಿತಂದ್ರ ಕೈಯೂ ಬಿಗಿ ಆಗ್ಯದ ಅಂತ ತಿಳೀರಿ, ನಿಲ್ಲಸ್ರಿ. ಬಾಟಲಿ ಮುಚ್ಚಳ, ಬಾಗಿಲ ಚಿಲಕ, ಪೆನ್ನು, ಈ ಮೂರರಾಗ ಯಾವುದಕ್ಕಾದ್ರೂ ಆಕಿ ಹಿಂಜರಿದ್ರ ಬೈಯಬ್ಯಾಡ್ರಿ, ಡಾಕ್ಟರ್ ಕಡೆ ಕರಕೊಂಡು ಹೋಗ್ರಿ. ಲಗೂ ಹೋದ್ರ ವಿಶ್ರಾಂತಿ, ಪಟ್ಟಿ ಇಷ್ಟರಾಗ ಬಹಳ ಮಂದೀಗೆ ಕಡಿಮಿ ಆಗ್ತದ. ಬಿಟ್ರ ಇಂಜೆಕ್ಷನ್ನು, ಕೆಲವರಿಗೆ ಸಣ್ಣ ಆಪರೇಷನ್ ತನಕ ಹೋಗ್ತದ.

ಮತ್ತ ನಮ್ಮ ಸಲುವಾಗಿ ಎರಡು ಮಾತು. ಬಾಣಂತ್ಯಾರು ಯಾರಾದ್ರೂ ಓದ್ಲಿಕ್ಕೆ ಹತ್ತಿದ್ರ, ಕೂಸಿನ ಬಗಲಾಗ ಹೆಬ್ಬಟ್ಟು ಚಾಚಿ ಎತ್ತಬ್ಯಾಡ್ರಿ. ಒಂದು ಅಂಗೈ ತಲಿ ಬೆನ್ನಿನ ಕೆಳಗ, ಒಂದು ಕುಂಡಿ ಕೆಳಗ ಹಾಕಿ ಮೊರದಾಗ ಎತ್ತಿದಂಗ ಎತ್ತಿಕೊಳ್ರಿ. ಫೋನಿನ್ಯಾಗ ಒಂದ ಹೆಬ್ಬಟ್ಟಲೆ ತಾಸುಗಟ್ಟಲೆ ಜಾರಸೋರು, ನಾನೂ ಸೇರಿ, ಫೋನ್ ಕೆಳಗಿಟ್ಟು ತೋರುಬೆರಳು ಹಚ್ಚೋಣ. ಐವತ್ತು ದಾಟಿದವರಿಗೆ ಹೆಬ್ಬಟ್ಟಿನ ಬುಡದ ಸಂಧಿ ಸವದು ನೂಸೋದು ಬ್ಯಾರೆನ ಒಂದು ತ್ರಾಸು, ಅದೂ ಹೆಣ್ಮಕ್ಕಳಿಗೇ ಹೆಚ್ಚು. "ವಯಸ್ಸಾತು" ಅಂತ ಮುಚ್ಚಿಡಬ್ಯಾಡ್ರಿ, ತೋರಸ್ರಿ. ನಾವು ತಡಕೊಂಡಿದ್ದನ್ನ ನೋಡಿನ ಮಕ್ಕಳು ತಡಕೊಳ್ಳೋದು ಕಲೀತಾವು. ನನ್ನ ಮಗಳು ಎರಡು ವಾರ ಸುಮ್ಮನ ಇದ್ದದ್ದು ಯಾರನ್ನ ನೋಡಿ ಅಂತ ನನಗ ಗೊತ್ತದ.

ಈಗ ಆಕಿ ನುಡಸ್ತಾಳ. ಪರೀಕ್ಷಾಕ್ಕ ಮತ್ತ ಕೂತಿಲ್ಲ, ಕೂಡ್ತೀಯೇನು ಅಂತ ನಾನೂ ಕೇಳಿಲ್ಲ. ಸಂಜೀಕ ಬಿಳೀ ಏಳರಿಂದ ನಿಧಾನಕ್ಕ ಏರಿ ಇಳೀತಾಳ, ನಾ ಒಳಗ ಒಗ್ಗರಣಿ ಹಾಕೋ ಕೈ ನಿಲ್ಲಿಸಿ ಕೇಳ್ತೀನಿ. "ಟಕ್" ಬರೂದಿಲ್ಲ. ಕೆಲವು ದಿನ "ಅವ್ವಾ, ಇವತ್ತು ಕೈ ಸರಿ ಅನಸವಲ್ದು, ಬ್ಯಾಡ" ಅಂತಾಳ. ನನ್ನ ಬಾಯಿ ತುದಿ ತನಕ ಹಳೇ ಮಾತು ಬರ್ತದ, ಸುಳ್ಳ್ಯಾಕ ಹೇಳ್ಲಿ. ನುಂಗಿಕೋತೀನಿ. "ಆತು, ಮುಚ್ಚಿಡು" ಅಂತೀನಿ.

ಇದನ್ನ ಬರದು ಕಳಸೋಕಿಂತ ಮೊದಲು ವೈನಿಗೆ ಫೋನಿನ್ಯಾಗ ಓದಿ ಹೇಳಿದೆ. ಪೂರಾ ಕೇಳಿದ್ರು. ಆಮ್ಯಾಲೆ, "ಅಲ್ಲವಾ, ಹಂಗಾದ್ರ ಎಣ್ಣಿನೂ ಹಚ್ಚಬಾರದೇನು?" ಅಂದ್ರು.

"ಎಣ್ಣಿ ಹಚ್ರಿ ವೈನಿ, ನಿಮ್ಮ ಹೆಬ್ಬಟ್ಟಿಗೂ ಹಚ್ಚಿಕೊಳ್ರಿ. ಜಗ್ಗಬ್ಯಾಡ್ರಿ ಅಷ್ಟ."